ಸೀಸದ ಹಳೆ ಸೀಲು ಸಿಕ್ಕರೆ ಮೊದಲು ಹಿಂಬದಿ ನೋಡಿ: ಹಡಗು ವ್ಯಾಪಾರದ ಕಾಲದ ಸರಕು ಮುದ್ರೆಗಳನ್ನು ಗುರುತಿಸಿ ಕಾಪಾಡುವ ಬಗೆ

ತುಮಕೂರಿನ ಗುಜರಿ ಅಂಗಡಿಗಳಲ್ಲಿ ಹಳೆ ಬೀಗ, ತಾಮ್ರದ ಚೂರು, ತೂಕದ ಕಲ್ಲುಗಳ ನಡುವೆ ಕೆಲವೊಮ್ಮೆ ಒಂದು ಬೂದು ಬಣ್ಣದ ಬಿಲ್ಲೆ ಸಿಗುತ್ತದೆ. ನಾಣ್ಯದಷ್ಟು ಅಗಲ, ಆದರೆ ನಾಣ್ಯದಂತೆ ದುಂಡಗಿರುವುದಿಲ್ಲ. ಕೈಗೆ ತಗೊಂಡರೆ ಗಾತ್ರಕ್ಕೆ ಮೀರಿದ ಭಾರ. ಒಂದು ಕಡೆ ಸವೆದ ಅಕ್ಷರ, ಇನ್ನೊಂದು ಕಡೆ ಸುಮ್ನೆ ಉಬ್ಬುತಗ್ಗು. ಅಂಗಡಿಯವರಿಗೆ ಅದು ಕೆಜಿ ಲೆಕ್ಕದ ಸೀಸ. ನಾಣ್ಯ ಕೂಡಿಸುವವರು ಅಕ್ಷರ ಇರುವ ಕಡೆ ನೋಡುತ್ತಾರೆ, ಓದಲಾಗದಿದ್ದರೆ ವಾಪಸ್ ಇಡುತ್ತಾರೆ.

ಎರಡೂ ಕಡೆ ನಷ್ಟವೇ. ಆ ಬಿಲ್ಲೆ ಹಳೆಯ ಸರಕಿನ ಸೀಲಾಗಿದ್ದರೆ, ಅದರ ಕಥೆಯಲ್ಲಿ ಹೆಚ್ಚಿನ ಪಾಲು ಇರುವುದು ಆ ಉಬ್ಬುತಗ್ಗಿನ ಹಿಂಬದಿಯಲ್ಲಿ. ಯಾವ ಬಟ್ಟೆಗೆ ಅಂಟಿತ್ತು, ಯಾವ ಹುರಿಗೆ ಕಟ್ಟಿತ್ತು, ಹೇಗೆ ಒತ್ತಿದರು, ಹೇಗೆ ಕಿತ್ತರು ಎಲ್ಲವೂ ಅಲ್ಲಿ ಮೂಡಿರುತ್ತದೆ. ಮುಂಬದಿಯ ಗುರುತನ್ನು ಪುಸ್ತಕದಲ್ಲೋ ಮ್ಯೂಸಿಯಂ ಚಿತ್ರದಲ್ಲೋ ಹುಡುಕಿ ತೆಗೆಯಬಹುದು. ಹಿಂಬದಿ ಮಾತ್ರ ಪ್ರತಿ ಸೀಲಿಗೂ ಬೇರೆ. ಅದನ್ನು ಉಜ್ಜಿ ಅಳಿಸಿದರೆ ಮತ್ತೆ ಎಲ್ಲೂ ಸಿಗುವುದಿಲ್ಲ.

ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸಮುದ್ರದಿಂದ ದೂರದ ಜಿಲ್ಲೆಗಳು. ಇಲ್ಲಿ ಕೈಗೆ ಸಿಗುವ ಸೀಸದ ಸೀಲು ಬಹುಮಟ್ಟಿಗೆ ರೈಲು, ಕರೆಂಟು ಮೀಟರು ಅಥವಾ ತೂಕದ ಕಲ್ಲಿನದು. ಹಡಗಿನ ಕಾಲದ್ದು ಸಾಮಾನ್ಯವಾಗಿ ಸಂಗ್ರಾಹಕರಿಂದ, ಹರಾಜಿನಿಂದ ಬರುತ್ತದೆ. ಆದರೂ ನೋಡುವ ಕ್ರಮ ಎರಡಕ್ಕೂ ಒಂದೇ.

ಇದನ್ನು ಯಾಕೆ ಹಾಕುತ್ತಿದ್ದರು

ಯುರೋಪಿನಲ್ಲಿ ಮಧ್ಯಯುಗದಿಂದ 19ನೇ ಶತಮಾನದವರೆಗೆ ಬಟ್ಟೆಗೆ ಸೀಸದ ಸೀಲು ಹಾಕುವ ಪದ್ಧತಿ ಇತ್ತು. ಇಂಗ್ಲೆಂಡಿನಲ್ಲಿ ಸರ್ಕಾರದ ಅಧಿಕಾರಿ ಬಟ್ಟೆಯ ಉದ್ದ, ಅಗಲ, ಗುಣ ಪರೀಕ್ಷಿಸಿ, ತೆರಿಗೆ ವಸೂಲಿ ಮಾಡಿ ಸೀಲು ಒತ್ತುತ್ತಿದ್ದ. ಆ ವ್ಯವಸ್ಥೆ 1724ರಲ್ಲಿ ನಿಂತಿತು. ಇದಲ್ಲದೆ ನೇಯುವವರು, ಬಣ್ಣ ಹಾಕುವವರು, ವ್ಯಾಪಾರಿಗಳು ತಮ್ಮ ತಮ್ಮ ಸೀಲು ಹಾಕುತ್ತಿದ್ದರು. ದೊಡ್ಡ ಕಂಪನಿಗಳು ಹಡಗಿಗೆ ಏರಿಸುವ ಸರಕಿಗೆ ಕಂಪನಿಯ ಗುರುತು ಒತ್ತುತ್ತಿದ್ದವು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ 1600ರಲ್ಲಿ, ಡಚ್ಚರ ಈಸ್ಟ್ ಇಂಡಿಯಾ ಕಂಪನಿ (ವಿಒಸಿ) 1602ರಲ್ಲಿ ಶುರುವಾದವು. ಫ್ರೆಂಚ್ ಕಂಪನಿ 1664ರಲ್ಲಿ ಬಂತು.

ಸೀಸವೇ ಯಾಕೆ? 327 ಡಿಗ್ರಿಗೇ ಕರಗುತ್ತದೆ, ಸೌದೆ ಒಲೆಯ ಬಿಸಿ ಸಾಕು. ಮೆತ್ತಗಿರುವುದರಿಂದ ಇಕ್ಕಳದಲ್ಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಒಮ್ಮೆ ಒತ್ತಿದ್ದನ್ನು ಗಾಯವಾಗದಂತೆ ಬಿಚ್ಚಲು ಆಗುವುದಿಲ್ಲ. ಮೂಟೆ ತಲುಪಿದ ಮೇಲೆ ಕತ್ತರಿಸಿ ಎಸೆಯುವುದಕ್ಕೇ ಮಾಡಿದ ವಸ್ತು ಇದು. ಹಾಗೆ ಎಸೆದವು ಇವತ್ತು ಲಂಡನ್ನಿನ ಥೇಮ್ಸ್ ನದಿಯ ಕೆಸರಿನಲ್ಲಿ, ಉತ್ತರ ಅಮೆರಿಕದ ಹಳೆ ಕೋಟೆಗಳ ನೆಲದಲ್ಲಿ, ಮುಳುಗಿದ ಹಡಗುಗಳಲ್ಲಿ ಸಿಗುತ್ತಿವೆ.

ಹೆಜ್ಜೆ 1: ತೊಳೆಯಬೇಡಿ, ಉಜ್ಜಬೇಡಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ನಮ್ಮ ಮನೆಗಳಲ್ಲಿ ಹಳೆ ಲೋಹ ಕೈಗೆ ಬಂದರೆ ಮೊದಲು ನೆನಪಾಗುವುದು ಹುಣಸೆಹಣ್ಣು. ತುಮಕೂರು ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ ಬೇರೆ, ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಹಿತ್ತಾಳೆ ದೀಪಕ್ಕೆ, ತಾಮ್ರದ ಚೊಂಬಿಗೆ ಹುಣಸೆ ಒಳ್ಳೆಯದೇ. ಸೀಸಕ್ಕೆ ಬೇಡ. ಹುಣಸೆ, ನಿಂಬೆ, ವಿನಿಗರ್ ಮೂರೂ ಸೀಸವನ್ನು ತಿನ್ನುತ್ತವೆ. ಮೇಲಿನ ಬೂದು ಪದರವೇ ಒಳಗಿನ ಲೋಹವನ್ನು ಕಾಯುತ್ತಿರುತ್ತದೆ, ಬಟ್ಟೆಯ ಅಚ್ಚು ಉಳಿದಿರುವುದೂ ಆ ಪದರದಲ್ಲೇ. ಪಾತ್ರೆ ಪುಡಿ, ತಂತಿ ನಾರು, ಹಲ್ಲುಜ್ಜುವ ಬ್ರಷ್, ಪೇಸ್ಟ್ ಯಾವುದನ್ನೂ ತಾಗಿಸಬೇಡಿ. ನಿಮ್ಮ ಉಗುರು ಕೂಡ ಸೀಸಕ್ಕಿಂತ ಗಟ್ಟಿ. ಮಣ್ಣು ಕೆರೆಯಲು ಹೋದ ಉಗುರು ಗೆರೆ ಎಳೆದುಬಿಡುತ್ತದೆ.

ಸಡಿಲ ಮಣ್ಣಿದ್ದರೆ ಚಿತ್ರ ಬರೆಯುವ ಮೆತ್ತನೆ ಕೂದಲಿನ ಕುಂಚದಿಂದ ಮೆಲ್ಲಗೆ ಸರಿಸಿ. ಗಟ್ಟಿ ಅಂಟಿದ್ದರೆ ಹಾಗೇ ಬಿಡಿ. ಎರಡು ಬಿಲ್ಲೆ ಮಡಚಿಕೊಂಡ ಸೀಲಾದರೆ ಬಿಡಿಸಿ ನೋಡುವ ಆಸೆ ಬೇಡವೇ ಬೇಡ. ಆ ಎರಡರ ನಡುವೆ ಕೆಲವು ಸಲ ಮೂಲ ಬಟ್ಟೆಯ ಎಳೆಯೇ ಉಳಿದಿರುತ್ತದೆ. ನೂರಾರು ವರ್ಷ ಹಳೆಯ ನೂಲು ಸೀಸದ ಮರೆಯಲ್ಲಿ ಉಳಿದಿರುವುದು ಎಂದರೆ ಎಷ್ಟು ದೊಡ್ಡ ವಿಷಯ! ಬಿಡಿಸಿದ ಕ್ಷಣ ಅದು ಪುಡಿಯಾಗುತ್ತದೆ, ಮಡಿಕೆಯ ಸೀಸವೂ ಮುರಿಯುತ್ತದೆ.

ಇನ್ನು ನಿಮ್ಮ ಆರೋಗ್ಯ. ಸೀಸ ವಿಷ. ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ, ಆದರೆ ಕೈಗೆ ಹತ್ತಿದ ಪುಡಿ ಬಾಯಿಗೆ ಹೋಗಬಾರದು. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅಡುಗೆಮನೆ ಕಟ್ಟೆ, ಊಟದ ಮೇಜು ಬೇಡ. ಕೆಳಗೆ ಹಾಸಿದ ಪೇಪರನ್ನು ಮಡಚಿ ಎಸೆಯಿರಿ, ಅದರಲ್ಲಿ ಕಡಲೆಕಾಯಿ ಕಟ್ಟಬೇಡಿ. ಮಕ್ಕಳು ಮತ್ತು ಗರ್ಭಿಣಿಯರು ದೂರ ಇರಲಿ. ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವವರನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಹೆಜ್ಜೆ 2: ಇದು ಸೀಲೇ ಹೌದಾ?

ನಮ್ಮ ಕಡೆ ಸೀಲೆಂದು ತಪ್ಪು ತಿಳಿಯುವ ಸೀಸದ ಚೂರುಗಳು ಹಲವು.

ಕೆರೆಯಲ್ಲಿ ಮೀನು ಹಿಡಿಯುವ ಬಲೆಯ ಅಂಚಿಗೆ ಹಾಕುವ ಭಾರ ಮೊದಲನೆಯದು. ಸೀಸದ ಪಟ್ಟಿಯನ್ನು ದಾರದ ಸುತ್ತ ಸುರುಳಿ ಮಾಡಿರುತ್ತಾರೆ. ಚಪ್ಪಟೆಯಾದಾಗ ಸೀಲಿನ ಹಾಗೇ ಕಾಣುತ್ತದೆ. ಒಳಗೆ ದಾರದ ಗುರುತೂ ಇರುತ್ತದೆ. ಆದರೆ ಒತ್ತಿದ ಅಚ್ಚು ಇರುವುದಿಲ್ಲ.

ಎರಡನೆಯದು ಎರಕದ ಕಬ್ಬಿಣದ ತೂಕದ ಕಲ್ಲಿನೊಳಗಿನ ಸೀಸ. ಹಳೆಯ ಕಲ್ಲೊಂದನ್ನು ತಿರುಗಿಸಿ ನೋಡಿ. ಒಂದು ಗುಳಿಯಲ್ಲಿ ಸೀಸ ತುಂಬಿ, ಅದರ ಮೇಲೆ ಇಲಾಖೆಯವರು ಚಿಕ್ಕ ಚಿಕ್ಕ ಮುದ್ರೆ ಒತ್ತಿರುತ್ತಾರೆ. ತೂಕ ಸರಿಪಡಿಸುವುದಕ್ಕೂ ಅದೇ ಸೀಸ, ಪರೀಕ್ಷೆಯ ಗುರುತಿಗೂ ಅದೇ. ಕಲ್ಲು ಒಡೆದಾಗ ಈ ಗುಂಡಿ ಬೇರೆಯಾಗಿ ಗುಜರಿಗೆ ಬರುತ್ತದೆ. ಒಂದು ಮುಖದಲ್ಲಿ ಮುದ್ರೆ, ಉಳಿದ ಮೈ ಗುಳಿಯ ಆಕಾರದಲ್ಲಿ ಒರಟು. ದಾರದ ತೂತು ಇಲ್ಲ. ಇದು ಸಂತೆ ವ್ಯಾಪಾರದ ಇತಿಹಾಸ, ಇದನ್ನೂ ಎತ್ತಿಡಿ. ಹಡಗಿನದಲ್ಲ ಅಷ್ಟೇ.

ಮೂರನೆಯದು ಬಂದೂಕಿನ ಗುಂಡು. ಕಲ್ಲಿಗೆ ಬಡಿದು ಚಪ್ಪಟೆಯಾದ ಸೀಸದ ಗುಂಡು ಅಂಚಿನಲ್ಲಿ ಹರಿದು ಹರಡಿಕೊಂಡಿರುತ್ತದೆ. ನಂದಿದುರ್ಗವನ್ನು ಕಂಪನಿ ಸೇನೆ 1791ರಲ್ಲಿ ಮುತ್ತಿತ್ತು ಎಂದು ಕೇಳಿದವರು ಆ ಕಡೆಯ ಸೀಸವೆಲ್ಲ ಕಂಪನಿಯ ಸೀಲು ಅಂದುಕೊಳ್ಳುವುದುಂಟು. ಗುಂಡಿಗೆ ಅಕ್ಷರ ಇರುವುದಿಲ್ಲ.

ನಾಲ್ಕನೆಯದನ್ನು ಸ್ವಲ್ಪ ಗಮನ ಇಟ್ಟು ಓದಿ. ಸೀಸದಲ್ಲಿ ನಾಣ್ಯವನ್ನೂ ಮಾಡುತ್ತಿದ್ದರು. ಶಾತವಾಹನರ ಕಾಲದ ಸೀಸದ ನಾಣ್ಯಗಳು ನಮ್ಮ ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಸದಕಣ ಕಳಲಾಯ ಮಹಾರಠಿ ಎಂಬ ಸಾಮಂತನ ನಾಣ್ಯದಲ್ಲಿ ಒಂದು ಕಡೆ ಗೂಳಿ, ಇನ್ನೊಂದು ಕಡೆ ಬೇಲಿಯೊಳಗಿನ ಮರ ಮತ್ತು ಕಮಾನು ಕಮಾನಾದ ಬೆಟ್ಟ. ಎರಡೂ ಮುಖದಲ್ಲಿ ಚಿತ್ರ ಇದ್ದು, ಅಂಚಿನಲ್ಲಿ ಬ್ರಾಹ್ಮಿ ಅಕ್ಷರದಂತಹ ಗೆರೆ ಕಂಡರೆ, ದಾರಕ್ಕೂ ಬಟ್ಟೆಗೂ ಸಿಕ್ಕಿಸಿದ ಯಾವ ಗುರುತೂ ಇಲ್ಲದಿದ್ದರೆ ಅದನ್ನು ಸೀಲೆಂದು ಪಕ್ಕಕ್ಕೆ ಸರಿಸಬೇಡಿ. ಅದು ಕಂಪನಿಗಿಂತ ಒಂದೂವರೆ ಸಾವಿರ ವರ್ಷ ಹಳೆಯದಿರಬಹುದು.

ರೈಲು ಮತ್ತು ಮೀಟರ್ ಸೀಲು ಗುರುತಿಸುವುದು ಸುಲಭ. ಸಣ್ಣ ಗುಂಡಿಯೊಳಗೆ ಎರಡು ಸಮಾನಾಂತರ ತೂತು, ಅದರಲ್ಲಿ ಹೊಸೆದ ತಂತಿ. ಇಕ್ಕಳದಲ್ಲಿ ಒತ್ತಿರುವುದರಿಂದ ಎರಡೂ ಮುಖ ಚಪ್ಪಟೆ. ಇಂಥವು 19ನೇ ಶತಮಾನದಿಂದ ನಮ್ಮ ಕಾಲದವರೆಗೂ ನಡೆದುಬಂದಿವೆ. ಬಂಗಾರಪೇಟೆ, ಕೋಲಾರ ಚಿನ್ನದ ಗಣಿ ಕಡೆಯ ಹಳೆ ರೈಲ್ವೆ ಸೀಲುಗಳಿಗೆ ಅವುಗಳದೇ ಬೆಲೆ ಇದೆ. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ಆ ಹೆಸರಿನ ಅಕ್ಷರಗಳ ಸೀಲು ಸಿಕ್ಕರೆ ಬಿಡಬೇಡಿ.

ಹೆಜ್ಜೆ 3: ಹಿಂಬದಿ ಓದುವುದು

ಈಗ ಬೇಕಾದದ್ದು ಒಂದು ಭೂತಗನ್ನಡಿ, ಮೊಬೈಲ್, ಇನ್ನೊಂದು ಮೊಬೈಲಿನ ಟಾರ್ಚ್. ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿ. ಸೀಲನ್ನು ಕಪ್ಪು ಬಟ್ಟೆಯ ಮೇಲಿಡಿ. ಟಾರ್ಚನ್ನು ಮೇಲಿಂದ ಬಿಡಬೇಡಿ, ಮೇಜಿಗೆ ತಾಗುವಷ್ಟು ತಗ್ಗಿಸಿ ಪಕ್ಕದಿಂದ ಬಿಡಿ. ಸಂಜೆ ಇಳಿಬಿಸಿಲಿನಲ್ಲಿ ಉತ್ತ ಹೊಲದ ಸಾಲು ಎದ್ದು ಕಾಣುವ ಹಾಗೆ, ಮಟ್ಟಸ ಅನ್ನಿಸಿದ ಸೀಸದ ಮೇಲೆ ಎಳೆಗಳ ಸಾಲು ಮೂಡುತ್ತದೆ. ಟಾರ್ಚನ್ನು ಗಡಿಯಾರದ ಮುಳ್ಳಿನಂತೆ ಸುತ್ತ ತಿರುಗಿಸಿ. ಒಂದು ಕಡೆಯಿಂದ ಕಾಣದ ಅಕ್ಷರ ಇನ್ನೊಂದು ಕಡೆಯಿಂದ ಕಾಣುತ್ತದೆ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ. ಮುಂಬದಿಗೆ ನಾಲ್ಕು, ಅಂಚಿಗೆ ಒಂದೆರಡು. ಪಕ್ಕದಲ್ಲಿ ಒಂದು ಸ್ಕೇಲು ಇರಲಿ.

ಹಿಂಬದಿಯಲ್ಲಿ ನೋಡಬೇಕಾದ್ದು ಏನು?

ಮೊದಲು ಕಟ್ಟಿದ ರೀತಿ. ಬಟ್ಟೆಯ ಸೀಲು ಸಾಮಾನ್ಯವಾಗಿ ಎರಡು ಬಿಲ್ಲೆ, ನಡುವೆ ಒಂದು ಪಟ್ಟಿ. ಪಟ್ಟಿಯನ್ನು ಬಟ್ಟೆಯ ಅಂಚಿನ ಮೇಲೆ ಮಡಚಿ, ಒಂದು ಬಿಲ್ಲೆಯ ಮೊಳೆಯನ್ನು ಇನ್ನೊಂದರ ತೂತಿಗೆ ತೂರಿಸಿ, ಅಚ್ಚಿನಿಂದ ಒತ್ತುತ್ತಿದ್ದರು. ಮೊಳೆ ಚಪ್ಪಟೆಯಾಗಿ ತಲೆ ಹರಡಿಕೊಳ್ಳುತ್ತಿತ್ತು. ಈ ಮೊಳೆಯ ಗುರುತು ಹುಡುಕಿ. ಎಷ್ಟೋ ಸಲ ಒಂದು ಬಿಲ್ಲೆ ಮಾತ್ರ ಉಳಿದಿರುತ್ತದೆ. ಆಗ ಮಧ್ಯದಲ್ಲಿ ಹರಿದ ತೂತು ಅಥವಾ ಮುರಿದ ಮೊಳೆ, ಒಂದು ಪಕ್ಕ ಪಟ್ಟಿ ಕಿತ್ತುಹೋದ ಜಾಗ ಕಾಣುತ್ತದೆ. ಇಂಥದ್ದು ಕಂಡರೆ ಅದು ಬಟ್ಟೆಗೆ ಹಾಕಿದ್ದು. ನಾಲ್ಕು ಬಿಲ್ಲೆಯ ಸೀಲೂ ಉಂಟು. ಮೂಟೆಯ ಹುರಿಗೆ ಹಾಕಿದ ಸೀಲಿನಲ್ಲಿ ಬೇರೆ ಕತೆ: ಬಿಲ್ಲೆಯ ದಪ್ಪದೊಳಗೆ ಈ ಅಂಚಿನಿಂದ ಆ ಅಂಚಿಗೆ ಹುರಿ ಹಾದುಹೋದ ಕೊರಕಲು.

ಎರಡನೆಯದು ನೇಯ್ಗೆಯ ಅಚ್ಚು. ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಎಂದು ಫೋಟೋ ದೊಡ್ಡದು ಮಾಡಿ ಎಣಿಸಿ. ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ಎಣಿಸಿ ಬರೆದಿಡಿ. ದಪ್ಪ ಎಳೆ, ದೊಡ್ಡ ಸಂದು ಇದ್ದರೆ ಅದು ಸುತ್ತಿದ ಗೋಣಿಯಂತಹ ಬಟ್ಟೆ. ಒತ್ತೊತ್ತಾಗಿ ಸಣ್ಣ ಎಳೆ ಇದ್ದರೆ ಒಳಗಿನ ಸರಕೇ ಇರಬಹುದು. ಇಂಗ್ಲೆಂಡಿನಿಂದ ನಮ್ಮ ದೇಶಕ್ಕೆ ಬರುತ್ತಿದ್ದ ದಪ್ಪ ಉಣ್ಣೆ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ಕುಟ್ಟಿ ಕಂಬಳಿಯಂತೆ ಬಿಗಿ ಮಾಡುತ್ತಿದ್ದರು. ಅದರ ಮೇಲೆ ಎಳೆ ಸ್ಪಷ್ಟವಾಗಿ ಮೂಡದಿರಬಹುದು. ಹಾಗಾಗಿ ಮಸುಕಾದ ಅಚ್ಚು ಕಂಡರೆ ಸವೆದಿದೆ ಎಂದು ತಕ್ಷಣ ತೀರ್ಮಾನ ಮಾಡಬೇಡಿ.

ಮೂರನೆಯದು ಹುರಿಯ ತಿರುವು. ಕೊರಕಲಿನಲ್ಲಿ ಓರೆ ಗೆರೆಗಳು ಇರುತ್ತವೆ. ಅವು ಎಡಕ್ಕೆ ಓರೆಯೋ ಬಲಕ್ಕೆ ಓರೆಯೋ ಗುರುತಿಸಿ. ನೆನಪಿಡಿ, ಇದು ಅಚ್ಚು. ನಿಜವಾದ ಹುರಿಯ ತಿರುವು ಇದಕ್ಕೆ ಉಲ್ಟಾ ಇರುತ್ತದೆ. ಮೊಬೈಲಿನಲ್ಲಿ ಫೋಟೋವನ್ನು ಎಡಬಲ ತಿರುಗಿಸಿದರೆ ಮೂಲ ತಿರುವು ಸಿಗುತ್ತದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವವರ ಪರಿಚಯ ಇದ್ದರೆ ಈ ಫೋಟೋ ತೋರಿಸಿ. ದಿನವಿಡೀ ತಿರುವು ನೋಡುವ ಕಣ್ಣು ಅವರದು. ಎಷ್ಟು ಎಳೆ ಸೇರಿಸಿ ಹೊಸೆದಿದ್ದಾರೆ ಎಂಬುದನ್ನೂ ಅವರು ಗುರುತಿಸಬಲ್ಲರು. ಪುಸ್ತಕ ಓದಿ ಕಲಿತವರಿಗಿಂತ ಈ ವಿಷಯದಲ್ಲಿ ನನಗೆ ಅವರ ಮಾತಿನ ಮೇಲೆ ಜಾಸ್ತಿ ನಂಬಿಕೆ.

ನಾಲ್ಕನೆಯದು ಕಿತ್ತ ಗುರುತು. ಚಾಕುವಿನ ಗೆರೆ, ಹರಿದ ಅಂಚು, ಬಗ್ಗಿದ ಬಿಲ್ಲೆ. ಇದನ್ನು ಕೆಲವರು ದೋಷ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರೋ ಒಬ್ಬರು ಮೂಟೆ ಬಿಚ್ಚಿದರು, ಸರಕು ತಲುಪಿತು ಎನ್ನುವುದಕ್ಕೆ ಇರುವ ಸಾಕ್ಷಿ ಅದೊಂದೇ.

ಹೆಜ್ಜೆ 4: ಮುಂಬದಿಯ ಗುರುತು

ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಪ್ರಸಿದ್ಧ ಗುರುತು ಒಂದು ಹೃದಯದ ಆಕಾರ. ಅದನ್ನು ಗೆರೆಗಳಿಂದ ನಾಲ್ಕು ಪಾಲು ಮಾಡಿ ವಿ, ಇ, ಐ, ಸಿ ಎಂಬ ಅಕ್ಷರ ಹಾಕಿರುತ್ತಾರೆ. ಮೇಲೆ ನಾಲ್ಕರ ಅಂಕಿಯಂತಹ ಶಿಲುಬೆ. ಇಲ್ಲಿ ವಿ ಎಂದರೆ ಯು, ಯುನೈಟೆಡ್ ಎಂಬುದರ ಮೊದಲ ಅಕ್ಷರ. ಎರಡು ಪೈಪೋಟಿ ಕಂಪನಿಗಳು 1709ರ ಹೊತ್ತಿಗೆ ಒಂದಾದ ಮೇಲೆ ಬಂದ ಹೆಸರು ಅದು. ಹಾಗಾಗಿ ನಾಲ್ಕೂ ಅಕ್ಷರ ಇರುವ ಸೀಲು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮಾರುವವರು 1650ರದ್ದು ಎಂದರೆ ಅಲ್ಲಿಗೇ ಬಿಟ್ಟುಬಿಡಿ.

ಈ ಗುರುತನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಲು ಸೀಲೇ ಬೇಕೆಂದಿಲ್ಲ. ಕಂಪನಿಯ ತಾಮ್ರದ ನಾಣ್ಯಗಳಲ್ಲಿ ಇದೇ ಗುರುತಿದೆ. 1791ರ ಬಾಂಬೆ ಪೈಸೆಯ ಒಂದು ಕಡೆ ಈ ಹೃದಯ, ಇನ್ನೊಂದು ಕಡೆ ತಕ್ಕಡಿ. ಮದ್ರಾಸ್ ಪ್ರಾಂತ್ಯದ ಕಡೆಗೆ 1794ರಲ್ಲಿ ಬಂದ ತಾಮ್ರದ ನಾಣ್ಯದಲ್ಲೂ ಇದೆ. ನಾಣ್ಯ ಸಂಗ್ರಹಿಸುವ ಗೆಳೆಯರ ಹತ್ತಿರ ಇವು ಇರುತ್ತವೆ, ಕೇಳಿ ನೋಡಿ. ಆದರೆ 1808ರ 10 ಕಾಸು, 20 ಕಾಸು ನಾಣ್ಯದಲ್ಲಿ ಈ ಹೃದಯ ಹುಡುಕಬೇಡಿ. ಮದ್ರಾಸಿಗೆ ಆ ನಾಣ್ಯ ಹೊತ್ತು ಹೊರಟ ಅಡ್ಮಿರಲ್ ಗಾರ್ಡ್ನರ್ ಹಡಗು 1809ರಲ್ಲಿ ಇಂಗ್ಲೆಂಡಿನ ತೀರದಲ್ಲೇ ಮುಳುಗಿತು. ಅದರಿಂದ ಎತ್ತಿದ ನಾಣ್ಯಗಳು ಇವತ್ತಿಗೂ ಮಾರಾಟಕ್ಕೆ ಬರುತ್ತವೆ. ಅವುಗಳ ಮೇಲಿರುವುದು ಕಂಪನಿಯ ಸಿಂಹದ ಲಾಂಛನ.

ಡಚ್ಚರದು ವಿ ಅಕ್ಷರದ ಎರಡು ಕಾಲಿನ ಮೇಲೆ ಓ ಮತ್ತು ಸಿ ಹೆಣೆದ ಗುರುತು. ಆ ಕಂಪನಿಗೆ ಆರು ಊರಿನ ಆರು ಶಾಖೆ ಇದ್ದವು. ಗುರುತಿನ ಮೇಲೆ ಸಣ್ಣ ಎ ಇದ್ದರೆ ಆಮ್‌ಸ್ಟರ್‌ಡ್ಯಾಮ್ ಶಾಖೆ. ಕಂಪನಿ 1799ರಲ್ಲಿ ಮುಚ್ಚಿತು. ಫ್ರೆಂಚರದಾದರೆ ಮೂರು ದಳದ ಲಿಲ್ಲಿ ಹೂವು ನೋಡಿ.

ಇಂಟರ್‌ನೆಟ್ಟಿನಲ್ಲಿ ಅಗ್ಗಕ್ಕೆ ಸಿಗುವ ಸೀಲುಗಳಲ್ಲಿ ರಷ್ಯಾದವು ತುಂಬಾ. ಅಗಸೆ ನಾರು, ಸೆಣಬಿನ ಮೂಟೆಗಳಿಗೆ ಅಲ್ಲಿನ ಪರೀಕ್ಷಕರು ಹಾಕಿದವು. ರಷ್ಯನ್ ಲಿಪಿ, ಪರೀಕ್ಷಕನ ಹೆಸರಿನ ಅಕ್ಷರ, ಎಷ್ಟೋ ಸಲ ಇಸವಿ ಸಹಿತ. ಬ್ರಿಟನ್ನಿನ ಹೊಲಗಳಲ್ಲಿ ಇವು ಹೇರಳವಾಗಿ ಸಿಗುತ್ತವೆ. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇವನ್ನೇ. ಇಸವಿ ಇರುತ್ತದೆ, ಬೆಲೆ ಕಡಿಮೆ, ನಕಲು ಮಾಡುವವರಿಗೆ ಇವುಗಳಲ್ಲಿ ಲಾಭ ಇಲ್ಲ.

ಅಕ್ಷರ ಓದಲು ಕಷ್ಟವಾದರೆ ಸೀಲಿನ ಮೇಲೆ ಪೇಪರಿಟ್ಟು ಪೆನ್ಸಿಲ್ ಉಜ್ಜಬೇಡಿ. ಆ ಒತ್ತಡವನ್ನೂ ಸೀಸ ತಡೆಯುವುದಿಲ್ಲ. ಫೋಟೋವನ್ನು ಕಪ್ಪು ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ. ಅಷ್ಟು ಸಾಕು.

ಹೆಜ್ಜೆ 5: ತೂಕ ಹಾಕಿ ಲೋಹ ತಿಳಿಯುವುದು

ಚಿನ್ನ ತೂಗುವಂತಹ, 0.01 ಗ್ರಾಂ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಮೊದಲು ಸೀಲಿನ ತೂಕ ನೋಡಿ. ಆಮೇಲೆ ತಕ್ಕಡಿ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆ ಮಾಡಿ. ಸೀಲನ್ನು ತೆಳು ದಾರದಲ್ಲಿ ತೂಗಿಬಿಟ್ಟು ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಸೀಲಿನ ಗಾತ್ರ ಅಷ್ಟು ಘನ ಸೆಂಟಿಮೀಟರ್. ತೂಕವನ್ನು ಇದರಿಂದ ಭಾಗಿಸಿ. ಸೀಲು 9.60 ಗ್ರಾಂ ಇದ್ದು, ನೀರಿನಲ್ಲಿ 0.85 ತೋರಿಸಿದರೆ 11.3 ಬರುತ್ತದೆ. ಶುದ್ಧ ಸೀಸದ್ದು 11.34. ತವರ 7.3, ಸತು 7.1. ಏಳರ ಹತ್ತಿರ ಬಂದರೆ ಅದು ಸೀಸವೇ ಅಲ್ಲ. ಹತ್ತು, ಹತ್ತೂವರೆ ಬಂದರೆ ಗಾಬರಿ ಬೇಡ: ಮೇಲಿನ ತುಕ್ಕು, ಮಡಿಕೆಯಲ್ಲಿ ಸಿಕ್ಕಿಕೊಂಡ ಗಾಳಿ ಲೆಕ್ಕವನ್ನು ತಗ್ಗಿಸುತ್ತವೆ.

ಬಿಳಿ ಪುಡಿ ಉದುರುತ್ತಿರುವ ಸೀಲಿಗೆ, ಒಳಗೆ ಎಳೆ ಉಳಿದ ಸೀಲಿಗೆ ಈ ಪರೀಕ್ಷೆ ಮಾಡಬೇಡಿ. ಉಳಿದವನ್ನು ಮುಳುಗಿಸಿ ತೆಗೆದ ಕೂಡಲೇ ಹತ್ತಿ ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಪೂರ್ತಿ ಒಣಗಿಸಿ. ಲೋಟವನ್ನು ಮತ್ತೆ ಕುಡಿಯಲು ಬಳಸಬೇಡಿ.

ಹೆಜ್ಜೆ 6: ಕೊಳ್ಳುವ ಮುಂಚೆ

ನಕಲು ಸೀಲು ಹಿಡಿಯಲು ಮತ್ತೆ ಹಿಂಬದಿಯೇ ಸಹಾಯ. ನಕಲು ಮಾಡುವವರು ಮುಂಬದಿಯ ಹೃದಯಕ್ಕೆ ತೋರಿಸುವ ಶ್ರದ್ಧೆಯನ್ನು ಹಿಂಬದಿಯ ಎಳೆಗಳಿಗೆ ತೋರಿಸುವುದಿಲ್ಲ. ನುಣುಪಾದ ಹಿಂಬದಿ, ಮೊಳೆ ಇಲ್ಲ, ಕೊರಕಲು ಇಲ್ಲ, ಕಿತ್ತ ಗುರುತಿಲ್ಲ ಎಂದರೆ ಆ ಸೀಲು ಯಾವುದಕ್ಕೂ ಕಟ್ಟಿದ್ದಲ್ಲ. ಅಚ್ಚಿಗೆ ಸೀಸ ಹೊಯ್ದು ಮಾಡಿದ ನಕಲಿನಲ್ಲಿ ಸಣ್ಣ ದುಂಡು ಗುಳ್ಳೆಗಳು, ಅಂಚಿನ ಸುತ್ತ ಎರಡು ಅಚ್ಚು ಸೇರಿದ ಗೆರೆ ಕಾಣುತ್ತವೆ.

ಒಂದು ಪರೀಕ್ಷೆ ಯಾವಾಗಲೂ ಮಾಡಿ. ಅದೇ ಮಾರಾಟಗಾರರ ಹಳೆಯ ಜಾಹೀರಾತುಗಳನ್ನು ತೆಗೆದು ನೋಡಿ. ಕೈಯಿಂದ ಒತ್ತಿದ ಸೀಲಿನಲ್ಲಿ ಗುರುತು ಒಂದರಲ್ಲಿ ಎಡಕ್ಕೆ ಸರಿದಿದ್ದರೆ ಇನ್ನೊಂದರಲ್ಲಿ ಕೆಳಕ್ಕೆ ಸರಿದಿರುತ್ತದೆ. ಅಂಚಿನ ಬಿರುಕು ಒಂದೇ ಜಾಗದಲ್ಲಿ ಬರುವುದಿಲ್ಲ. ಎರಡು ಸೀಲಿನಲ್ಲಿ ಒಂದೇ ಗಾಯ, ಒಂದೇ ಬಿರುಕು ಕಂಡರೆ ಎರಡೂ ಒಂದೇ ಅಚ್ಚಿನಿಂದ ಬಂದವು.

ಹಳತಾಗಿ ಕಾಣಲು ಹಚ್ಚಿದ ಕಪ್ಪು ಬಣ್ಣವನ್ನು ಒದ್ದೆ ಹತ್ತಿ ಕಡ್ಡಿ ತಾಗಿಸಿದರೆ ತಿಳಿಯುತ್ತದೆ. ಸುಲಭವಾಗಿ ಹತ್ತಿಗೆ ಬಂದರೆ ಅನುಮಾನ ಪಡಿ. ಹಡಗು ಮುಳುಗಿದ ಕತೆ ಹೇಳಿ ಬೆಲೆ ಏರಿಸುವವರ ಬಳಿ ಯಾವ ಹಡಗು, ಯಾವಾಗ ಎತ್ತಿದ್ದು, ಕಾಗದ ಎಲ್ಲಿ ಎಂದು ಕೇಳಿ. ಉತ್ತರ ಬಾರದಿದ್ದರೆ ಕತೆಗೆ ದುಡ್ಡು ಕೊಡಬೇಡಿ.

ಹೆಜ್ಜೆ 7: ಕಾನೂನು

ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ಹಳೆಯ ವಸ್ತು ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ನಮ್ಮ ರಾಜ್ಯಕ್ಕೆ ಇದಕ್ಕಾಗಿಯೇ 1962ರ ನಿಧಿ ಕಾಯ್ದೆ ಇದೆ. ಹೊಲ ಉಳುವಾಗ ಸಿಕ್ಕಿದ್ದಾದರೆ ತಹಶೀಲ್ದಾರ್ ಕಚೇರಿಗೆ ಹೋಗಿ ಲಿಖಿತವಾಗಿ ಕೊಟ್ಟು, ಸ್ವೀಕೃತಿ ತಗೊಳ್ಳಿ. ಸಿಕ್ಕ ಜಾಗ, ಆಳ, ಜೊತೆಗೆ ಸಿಕ್ಕಿದ ಮಡಕೆ ಚೂರು ಎಲ್ಲ ಬರೆಯಿರಿ. ಶಿರಾ ಕೋಟೆ, ಮಧುಗಿರಿ ಬೆಟ್ಟ, ನಂದಿ ಬೆಟ್ಟದಂತಹ ಜಾಗಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಗೆಯುವುದು ತಪ್ಪು. ಸಂರಕ್ಷಿತ ಸ್ಮಾರಕದಲ್ಲಾದರೆ ಅದು ಶಿಕ್ಷೆ ಆಗುವ ಅಪರಾಧ. ಅಗೆದು ತೆಗೆದ ಸೀಲು ತನ್ನ ಮಣ್ಣಿನ ಪದರವನ್ನೂ ಅರ್ಥವನ್ನೂ ಅಲ್ಲೇ ಕಳೆದುಕೊಂಡು ಬರುತ್ತದೆ.

100 ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ಹಾಗಾಗಿ ಕೊಳ್ಳುವಾಗ ಬಿಲ್ಲು ಕೇಳಿ, ಅದರ ಮೇಲೆ ವಸ್ತುವಿನ ವಿವರ ಬರೆಸಿ.

ಹೆಜ್ಜೆ 8: ಇಡುವುದು

ಮರದ ಬೀರು ನೋಡಲು ಚೆಂದ, ಸೀಸಕ್ಕೆ ಶತ್ರು. ಮರ, ಪ್ಲೈವುಡ್, ರಟ್ಟು ಸಣ್ಣಗೆ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿ ಸೇರಿ ಸೀಸದ ಮೇಲೆ ಬಿಳಿ ಪುಡಿ ಎಬ್ಬಿಸುತ್ತದೆ. ಹಿಂದೆ ಡಚ್ಚರು ಬಿಳಿ ಬಣ್ಣ ತಯಾರಿಸುತ್ತಿದ್ದುದೇ ಹೀಗೆ. ವಿನಿಗರ್ ಹಾಕಿದ ಮಡಕೆಯಲ್ಲಿ ಸೀಸದ ಸುರುಳಿ ಇಟ್ಟು, ಗೊಬ್ಬರದ ರಾಶಿಯಲ್ಲಿ ಹೂತು, ತಿಂಗಳುಗಟ್ಟಲೆ ಬಿಟ್ಟು ಮೇಲೆದ್ದ ಬಿಳಿ ಪದರವನ್ನು ಕೆರೆದು ತೆಗೆಯುತ್ತಿದ್ದರು. ಅವರು ಬೇಕೆಂದು ಮಾಡಿದ್ದು ನಿಮ್ಮ ಬೀರುವಿನಲ್ಲಿ ತಾನಾಗಿ ನಡೆಯುತ್ತದೆ. ಒಮ್ಮೆ ಶುರುವಾದರೆ ಅದೇ ಆಮ್ಲ ಮತ್ತೆ ಮತ್ತೆ ಕೆಲಸ ಮಾಡುತ್ತದೆ, ನಿಲ್ಲುವುದಿಲ್ಲ.

ಪ್ರತಿ ಸೀಲಿಗೂ ಒಂದೊಂದು ಪಾಲಿಥೀನ್ ಜಿಪ್ ಕವರ್ ಸಾಕು. ವಾಸನೆ ಬರುವ ಮೆತ್ತನೆಯ ಪಿವಿಸಿ ನಾಣ್ಯದ ಆಲ್ಬಂ ಬೇಡ, ರಬ್ಬರ್ ಬ್ಯಾಂಡ್ ಬೇಡ, ಉಣ್ಣೆ ಬಟ್ಟೆ ಬೇಡ. ಕವರುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೇ ಪದರವಾಗಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಡಬ್ಬಿಯನ್ನು ಕಬ್ಬಿಣದ ಬೀರುವಿನಲ್ಲಿ, ಅಡುಗೆಮನೆಯಿಂದ ದೂರ ಇಡಿ. ಮೇಲೆ ಸೀಸ, ವಿಷ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ನೀವು ಇಲ್ಲದಾಗ ತೆಗೆಯುವವರಿಗೆ ಗೊತ್ತಾಗಬೇಕಲ್ವಾ?

ಪ್ರತಿ ಕವರಿನ ಜೊತೆ ಒಂದು ಚೀಟಿ: ಎಲ್ಲಿ, ಯಾರಿಂದ, ಯಾವಾಗ ಬಂತು, ತೂಕ, ಅಗಲ, ಹಿಂಬದಿಯ ಎಳೆ ಎಣಿಕೆ, ಹುರಿಯ ತಿರುವು, ಮುಂಬದಿಯ ಗುರುತು. ಊಹೆ ಇದ್ದರೆ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಚೀಟಿಯನ್ನು ಸೀಲಿಗೆ ತಾಗದಂತೆ ಹೊರಗಿನ ಇನ್ನೊಂದು ಕವರಿನಲ್ಲಿಡಿ, ಕಾಗದದಲ್ಲೂ ಆಮ್ಲ ಇರುತ್ತದೆ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ತೆಗೆದು ನೋಡಿ. ಯಾವುದಾದರೂ ಸೀಲಿನಲ್ಲಿ ಹೊಸದಾಗಿ ಬಿಳಿ ಪುಡಿ ಕಂಡರೆ ಅದನ್ನು ಬೇರೆ ಮಾಡಿ, ಊದಬೇಡಿ, ಒರೆಸಬೇಡಿ. ಕವರು, ಪೊಟ್ಟಣ ಬದಲಾಯಿಸಿ, ಫೋಟೋ ತೆಗೆದು ದಿನಾಂಕ ಹಾಕಿ. ಒಂದು ತಿಂಗಳು ಬಿಟ್ಟು ಮತ್ತೆ ಫೋಟೋ ತೆಗೆದು ಹೋಲಿಸಿ. ಪುಡಿ ಹೆಚ್ಚಾಗಿದ್ದರೆ ಮನೆಮದ್ದು ಹುಡುಕದೆ, ಲೋಹದ ವಸ್ತುಗಳನ್ನು ಸಂರಕ್ಷಿಸುವ ಮ್ಯೂಸಿಯಂ ತಜ್ಞರಿಗೆ ಆ ಎರಡು ಫೋಟೋ ಮತ್ತು ಚೀಟಿ ಸಮೇತ ತೋರಿಸಿ.